ಹುಣಸೂರಿನ ಪ್ರತಿನಿಧಿ

ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೊತ್ತಮೊದಲು ಕೂಡಿದಾಗ, ಅದಕ್ಕೆ ಶಾಸನವನ್ನು ರಚಿಸುವ ಅಧಿಕಾರವಾಗಲಿ, ಆಯವ್ಯಯವನ್ನು ತಡೆಹಿಡಿಯುವ ಅಧಿಕಾರವಾಗಲಿ ಇರಲಿಲ್ಲ. ತಾಲ್ಲೂಕು ತಾಲ್ಲೂಕುಗಳಿಂದ ದಸರೆಯ ಹೊತ್ತಿಗೆ ಮೈಸೂರಿಗೆ ಬಂದಿಳಿದ ಜಮೀನುದಾರರೂ ವರ್ತಕರೂ ದಿವಾನರು ಓದಿದ ಆಡಳಿತ ವರದಿಯನ್ನು ಕೇಳಿ, ತಮ್ಮ ಸೀಮೆಯ ಕೆರೆಕಟ್ಟೆಗಳ ಮತ್ತು ಕಂದಾಯದ ಕಷ್ಟಗಳನ್ನು ಬಿನ್ನವಿಸಿಕೊಂಡು, ಉತ್ಸವವನ್ನು ನೋಡಿಕೊಂಡು ಊರಿಗೆ ಹಿಂದಿರುಗುತ್ತಿದ್ದರು. 1923ರ ಸುಧಾರಣೆಯಿಂದ ಈ ಸಭೆಗೆ ಶಾಸನಬದ್ಧವಾದ ಸ್ಥಾನವು ದೊರೆಯಿತು. ಹೊಸ ತೆರಿಗೆಗಳ ವಿಷಯದಲ್ಲಿಯೂ ಹೊಸ ಕಾನೂನುಗಳ ಮೂಲತತ್ತ್ವದ ವಿಷಯದಲ್ಲಿಯೂ ಅದರ ಅಭಿಪ್ರಾಯವನ್ನು ಕೇಳುವುದು ನಿಯಮವಾಯಿತು. ದಸರೆಯ ಅಧಿವೇಶನದ ಜೊತೆಗೆ ಮಹಾರಾಜರ ವರ್ಧಂತಿಯ ಅಧಿವೇಶನವೂ ಸೇರಿತು. ಆದರೂ ಮತ ಕೊಡುವ ಹಕ್ಕು ಬಹುಮಟ್ಟಿಗೆ ಕಂದಾಯ ಕಟ್ಟುವವರದಾಗಿಯೇ ಉಳಿಯಿತು. ಕಂದಾಯ ಕಟ್ಟುವವನ ಹೊಲವನ್ನು ಉತ್ತು ಬಿತ್ತುವವನಿಗೆ, ಜೀತಕ್ಕೆ ನಿಂತವನಿಗೆ, ಕಾಡಿನ ಅಂಚಿನಲ್ಲಿ ಜೇನು ಕೀಳುವವನಿಗೆ ಆ ಸಭೆಗೆ ಪ್ರತಿನಿಧಿಯನ್ನು ಆರಿಸುವ ಹಕ್ಕು ಇರಲಿಲ್ಲ.

ಇಂತಹ ಸಭೆಗೆ 1941ರಲ್ಲಿ, ಇನ್ನೂ ಮೂವತ್ತು ತುಂಬದ ಒಬ್ಬ ಯುವಕ ಆಯ್ಕೆಯಾಗಿ ಬಂದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರ ಆಗಸ್ಟ್ 20ರಂದು ಹುಟ್ಟಿ, ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ ವಿಜ್ಞಾನದ ಪದವಿಯನ್ನು ಪಡೆದು, ಸರ್ಕಾರಿ ಹುದ್ದೆಯನ್ನು ಅರಸಿ ಹೋಗುವುದಕ್ಕೆ ಬದಲಾಗಿ ಊರಿಗೆ ಮರಳಿ ಬೇಸಾಯಕ್ಕೆ ನಿಂತಿದ್ದ ಡಿ. ದೇವರಾಜ ಅರಸು ಅವರ ಸಾರ್ವಜನಿಕ ಜೀವನವು ಹೀಗೆ ಆರಂಭವಾಯಿತು. ಮುಂದೆ ಅವರು ಮುಖ್ಯಮಂತ್ರಿಗಳಾದರೆಂಬುದೂ, ಕರ್ನಾಟಕದ ಭೂಸುಧಾರಣೆಗೆ ಅವರ ಹೆಸರು ಅಂಟಿಕೊಂಡಿತೆಂಬುದೂ ಎಲ್ಲರಿಗೂ ತಿಳಿದ ವಿಷಯ. ಆದರೆ ಅವರ ಜೀವನವನ್ನು ಬರೆದವರು ಬಹುಮಟ್ಟಿಗೆ ಆ ಎಂಟು ವರ್ಷಗಳ ಅಧಿಕಾರದ ಕಥೆಯನ್ನೇ ವಿಸ್ತಾರವಾಗಿ ಹೇಳಿ, ಅದಕ್ಕೆ ಮುಂಚೆ ಒಬ್ಬ ಗ್ರಾಮಾಂತರ ತಾಲ್ಲೂಕಿನ ಸದಸ್ಯರಾಗಿ ಅವರು ಕಳೆದ ಮೂರು ದಶಕಗಳನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ನನಗೆ ಈ ಕ್ರಮವು ಸರಿಯೆಂದು ತೋರುವುದಿಲ್ಲ. 1974ರ ಭೂಸುಧಾರಣಾ ಶಾಸನದಲ್ಲಿ ಕಾಣುವ ವಿವೇಕವು ಸದನದ ಆಸನಗಳಲ್ಲಿ ಬಹುಕಾಲ ಕುಳಿತು, ಒಳ್ಳೆಯ ಉದ್ದೇಶದ ಕಾನೂನುಗಳು ಹಳ್ಳಿಗೆ ಹೋಗಿ ಸೋಲುವುದನ್ನು ಕಂಡ ಒಬ್ಬ ಸದಸ್ಯನ ವಿವೇಕವೆಂದೇ ನನ್ನ ದೃಢವಾದ ಅಭಿಪ್ರಾಯ.

ಹುಣಸೂರು ಸೀಮೆಯ ವಿಷಯವಾಗಿ ಇಲ್ಲಿ ಎರಡು ಮಾತು ಅವಶ್ಯಕ. ಮೈಸೂರಿನಿಂದ ಕೊಡಗಿಗೆ ಹೋಗುವ ದಾರಿಯಲ್ಲಿ ಲಕ್ಷ್ಮಣತೀರ್ಥ ನದಿಯ ದಡದಲ್ಲಿರುವ ಈ ಊರು ಒಂದು ಕಾಲದಲ್ಲಿ ಅಮೃತಮಹಲ್ ದನಗಳ ಪಾಲನೆಗೂ ಚರ್ಮ, ಕಂಬಳಿಗಳ ಕೈಗಾರಿಕೆಗೂ ಹೆಸರಾಗಿತ್ತು. ಹನಗೋಡಿನ ಅಣೆಕಟ್ಟೆಯ ನೀರು ಹರಿಯುವಷ್ಟು ಭೂಮಿಯಲ್ಲಿ ಬತ್ತ, ಉಳಿದೆಡೆಯಲ್ಲಿ ರಾಗಿ, ಹುರುಳಿ. ಅನಂತರದ ಕಾಲದಲ್ಲಿ ಹೊಗೆಸೊಪ್ಪು. ಪಶ್ಚಿಮಕ್ಕೆ ಹೋದಂತೆ ಹೊಲಗಳು ಮುಗಿದು ನಾಗರಹೊಳೆಯ ಕಾಡು ತೊಡಗುತ್ತದೆ; ಅಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ವಾಸಿಸುತ್ತಾರೆ. ಅರಸು ಮನೆತನಗಳವರು ಮೈಸೂರಿನ ರಾಜವಂಶಕ್ಕೆ ಬಂಧುತ್ವವುಳ್ಳವರಾದರೂ, ಸಂಖ್ಯೆಯಲ್ಲಿ ಅತ್ಯಲ್ಪರು. ತಮ್ಮ ಜಾತಿಯವರ ಮತಗಳನ್ನು ಎಣಿಸಿಕೊಂಡು ಗೆಲ್ಲುವ ಅನುಕೂಲವು ದೇವರಾಜ ಅರಸರಿಗೆ ಎಂದೂ ಇರಲಿಲ್ಲವೆಂಬುದನ್ನು ಮೊದಲೇ ಗಮನದಲ್ಲಿ ಇಟ್ಟುಕೊಳ್ಳಬೇಕು. ಗೆಲ್ಲಬೇಕಾದರೆ ಊರಿನ ಎಲ್ಲ ಕೇರಿಗಳಿಗೂ ಅವರು ಹೋಗಬೇಕಾಗಿತ್ತು.

1947ರ ಅಕ್ಟೋಬರಿನಲ್ಲಿ ಮೈಸೂರು ಚಲೋ ಚಳವಳಿಯ ಫಲವಾಗಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾಗಿ, ಕೆ. ಸಿ. ರೆಡ್ಡಿ ಅವರು ಮೊದಲ ಮುಖ್ಯಮಂತ್ರಿಗಳಾದರು. ಸ್ವಲ್ಪಕಾಲದಲ್ಲಿಯೇ ಹಳೆಯ ಪ್ರಜಾಪ್ರತಿನಿಧಿ ಸಭೆಯು ಇತಿಹಾಸಕ್ಕೆ ಸೇರಿತು. 1952ರ ಮಹಾಚುನಾವಣೆಯಲ್ಲಿ ಹುಣಸೂರಿನಿಂದ ಅರಸರೇ ಮತ್ತೆ ಆಯ್ಕೆಯಾದರು. ಹೊರನೋಟಕ್ಕೆ ಅದೇ ವ್ಯಕ್ತಿ, ಅದೇ ತಾಲ್ಲೂಕು. ಆದರೆ ಈ ಹತ್ತು ವರ್ಷಗಳಲ್ಲಿ ಅವರನ್ನು ಕಳುಹಿಸಿದವರೇ ಬೇರೆಯಾಗಿಬಿಟ್ಟಿದ್ದರು. ಕಂದಾಯದ ಅರ್ಹತೆಯು ಹೋಗಿ ವಯಸ್ಕ ಮತದಾನವು ಬಂದಿತ್ತು. ಒಡೆಯನ ಮತಕ್ಕೂ ಅವನ ಆಳಿನ ಮತಕ್ಕೂ ತೂಕದಲ್ಲಿ ಭೇದವಿರಲಿಲ್ಲ. ಈ ಪರಿವರ್ತನೆಯ ಅರ್ಥವನ್ನು ಅಂದಿನ ಎಷ್ಟೋ ಮಂದಿ ಸದಸ್ಯರು ಚುನಾವಣೆಯ ದಿನಕ್ಕೆ ಮಾತ್ರ ಸೀಮಿತಗೊಳಿಸಿಕೊಂಡರು. ಹಳ್ಳಿಯ ಪ್ರಮುಖರಾದ ನಾಲ್ಕು ಜನರನ್ನು ಒಲಿಸಿಕೊಂಡರೆ ಊರಿನ ಮತವೆಲ್ಲ ಅವರ ಹಿಂದೆ ಬರುತ್ತದೆಂಬ ಹಳೆಯ ಲೆಕ್ಕವೇ ಮುಂದುವರಿಯಿತು. ಆ ಲೆಕ್ಕವು ಎಂದೆಂದಿಗೂ ನಡೆಯಲಾರದೆಂದು ಅರಿತವರಲ್ಲಿ ಅರಸರು ಒಬ್ಬರು.

ವಿಧಾನಸೌಧವು ಆಗಿನ್ನೂ ಎದ್ದಿರಲಿಲ್ಲ. 99 ಸ್ಥಾನಗಳ ಆ ಮೊದಲ ವಿಧಾನಸಭೆಯು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಸೇರಿತು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳು. ಅದೇ ಸದನಕ್ಕೆ ಮಲೆನಾಡಿನಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರೂ ಬಂದಿದ್ದರು. ಅದರ ಹಿಂದಿನ ವರ್ಷವಷ್ಟೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಗೇಣಿಯನ್ನು ಅಳೆದುಕೊಳ್ಳುವ ಕೊಳಗದ ಗಾತ್ರವನ್ನು ನಿಮಿತ್ತವಾಗಿಟ್ಟುಕೊಂಡು ಗೇಣಿದಾರರ ಸತ್ಯಾಗ್ರಹವು ನಡೆದಿತ್ತು, ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾಗಿದ್ದರು. ಉಳುವವನೇ ನೆಲದ ಒಡೆಯನಾಗಬೇಕೆಂಬ ಮಾತು ಸದನದಲ್ಲಿ ವಿರೋಧಪಕ್ಷದ ಬೆಂಚುಗಳಿಂದ ಗೋಪಾಲಗೌಡರ ಕಂಠದಲ್ಲಿ ಮತ್ತೆ ಮತ್ತೆ ಮೊಳಗುತ್ತಿದ್ದಾಗ, ಆಡಳಿತಪಕ್ಷದ ಬೆಂಚಿನಲ್ಲಿ ಅದನ್ನು ಕೇಳುತ್ತ ಕುಳಿತಿದ್ದವರಲ್ಲಿ ಹುಣಸೂರಿನ ಸದಸ್ಯರೂ ಇದ್ದರು. ಅರಸರು ಗರ್ಜಿಸುವ ವಾಗ್ಮಿಗಳಾಗಿರಲಿಲ್ಲ. ಮೆಲುದನಿಯವರು, ಬಹಳ ಓದುತ್ತಿದ್ದವರು, ಕೇಳಿಸಿಕೊಳ್ಳಬಲ್ಲವರು. 1941ರಲ್ಲಿ ಸಭೆಯನ್ನು ಪ್ರವೇಶಿಸಿದ ಅವರಿಗೆ ಮಂತ್ರಿಪದವಿಯು ಮೊದಲು ದೊರೆತದ್ದು 1962ರಲ್ಲಿ, ನಿಜಲಿಂಗಪ್ಪನವರ ಸಂಪುಟದಲ್ಲಿ. ಇಪ್ಪತ್ತೊಂದು ವರ್ಷಗಳ ಈ ಅವಧಿಯು ಈಗಿನ ರಾಜಕಾರಣಿಗಳಿಗೆ ಶಿಕ್ಷೆಯಂತೆ ಕಾಣಬಹುದು. ಅರಸರಿಗೆ ಅದು ವಿದ್ಯಾಭ್ಯಾಸದ ಕಾಲವಾಯಿತು.

ಆ ಕಾಲದಲ್ಲಿ ಅವರು ಕಂಡದ್ದಾದರೂ ಏನು? 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯವಾದಾಗ, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಮತ್ತು ಹಳೆಯ ಮೈಸೂರು ಎಂಬ ಐದು ಆಡಳಿತಗಳ ಭೂಕಾನೂನುಗಳು ಒಂದೇ ಸೂರಿನಡಿಗೆ ಬಂದುವು. ದಕ್ಷಿಣ ಕನ್ನಡದ ಮೂಲಗೇಣಿ ಚಾಲಗೇಣಿಗಳೂ, ಮಲೆನಾಡಿನ ಅಡಕೆ ತೋಟದ ಗೇಣಿಯೂ, ಬಯಲುಸೀಮೆಯ ವಾರವೂ ಬೇರೆ ಬೇರೆ ಕಟ್ಟಳೆಗಳಿಗೆ ಒಳಪಟ್ಟಿದ್ದುವು. ಇವೆಲ್ಲವನ್ನೂ ಏಕರೂಪಕ್ಕೆ ತರಲು 1957ರಲ್ಲಿ ಬಿ. ಡಿ. ಜತ್ತಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ವರದಿಯ ಆಧಾರದ ಮೇಲೆ ರೂಪುಗೊಂಡ ಭೂಸುಧಾರಣಾ ಶಾಸನವು 1961ರಲ್ಲಿ ಸದನದಲ್ಲಿ ಅಂಗೀಕೃತವಾಗಿ, 1962ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆಯನ್ನು ಪಡೆದು, 1965ರ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, ಜಾರಿಗೆ ಬಂದಿತು. ಸಮಿತಿಯ ನೇಮಕದಿಂದ ಜಾರಿಯವರೆಗೆ ಎಂಟು ವರ್ಷ! ಕಾನೂನು ಬರುತ್ತದೆಂದು ತಿಳಿದ ಧಣಿಗೆ ಈ ಎಂಟು ವರ್ಷಗಳು ಧಾರಾಳವಾಗಿ ಸಾಕಾದುವು. ಗೇಣಿದಾರನಿಂದ ಭೂಮಿಯನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಳ್ಳುವುದು, ಒಕ್ಕಲನ್ನು ವರ್ಷವರ್ಷವೂ ಬದಲಿಸುವುದು, ಹಿಡುವಳಿಯನ್ನು ಬಂಧುಗಳ ಹೆಸರಿಗೆ ಹಂಚಿಡುವುದು ಎಲ್ಲೆಡೆಯಲ್ಲಿಯೂ ನಡೆಯಿತು.

ಶಾಸನದ ಒಳಗೂ ಬಾಗಿಲುಗಳಿದ್ದುವು. ಸ್ವಂತ ಬೇಸಾಯ ಮಾಡುವೆನೆಂದು ಹೇಳಿ ಒಡೆಯನು ಗೇಣಿಗೆ ಕೊಟ್ಟ ಭೂಮಿಯಲ್ಲಿ ಅರ್ಧದಷ್ಟನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. ಇಪ್ಪತ್ತೇಳು ಸ್ಟ್ಯಾಂಡರ್ಡ್ ಎಕರೆಯ ಮಿತಿಯು ಒಣಭೂಮಿಯ ಲೆಕ್ಕದಲ್ಲಿ ನೂರು ಎಕರೆಯನ್ನೂ ಮೀರುತ್ತಿತ್ತು. ಇವೆಲ್ಲಕ್ಕಿಂತಲೂ ಮುಖ್ಯವಾದ ದೋಷವು ನ್ಯಾಯ ದೊರಕುವ ಸ್ಥಳದ್ದು. ವಿವಾದವು ಮುನ್ಸೀಫರ ಮುಂದೆ ಹೋಗಬೇಕು. ಅಲ್ಲಿ ದಾಖಲೆ ಕೇಳುತ್ತಾರೆ. ದಾಖಲೆಯನ್ನು ಬರೆದವರು ಯಾರು? ಊರಿನ ಶಾನುಭೋಗರು. ಗೇಣಿಯು ಬಾಯಿಮಾತಿನ ಒಪ್ಪಂದ, ರಸೀದಿಯೆಂಬುದಿಲ್ಲ, ಸಾಗುವಳಿಯ ಕಲಮಿನಲ್ಲಿ ಒಡೆಯನ ಹೆಸರೇ ಇದೆ. ಮೂರು ತಲೆಮಾರಿನಿಂದ ಗದ್ದೆಯನ್ನು ಮಾಡಿಕೊಂಡು ಬಂದವನು, ವಕೀಲರ ಸವಾಲಿಗೆ ಉತ್ತರ ಹೇಳಲಾರದೆ, ತಾನು ಆ ಗದ್ದೆಯಲ್ಲಿ ಎಂದೂ ಕಾಲಿಟ್ಟವನೇ ಅಲ್ಲವೆಂಬ ತೀರ್ಪನ್ನು ಹೊತ್ತು ಮನೆಗೆ ಹೋಗುತ್ತಿದ್ದನು. ವಂಶಪಾರಂಪರ್ಯದ ಪಟೇಲ ಶಾನುಭೋಗಿಕೆಗಳು 1963ರ ಫೆಬ್ರವರಿಯಿಂದ ರದ್ದಾಗಿ ಸಂಬಳದ ಗ್ರಾಮಲೆಕ್ಕಿಗರು ಬಂದರೆಂಬುದೇನೋ ನಿಜ. ಆದರೆ ಕಡತಗಳಲ್ಲಿ ಬರೆದಿಟ್ಟದ್ದು ಅದರಿಂದ ಬದಲಾಗಲಿಲ್ಲ.

ಹುಣಸೂರು 1952, 1957, 1962, 1967 ಹೀಗೆ ಪ್ರತಿಯೊಂದು ಚುನಾವಣೆಯಲ್ಲಿಯೂ ಅರಸರನ್ನೇ ಕಳುಹಿಸಿತು. 1962ರಲ್ಲಿ ಎದುರಾಳಿಯೇ ಇಲ್ಲದೆ ಅವರು ಅವಿರೋಧವಾಗಿ ಆಯ್ಕೆಯಾದರು. 1968ರಲ್ಲಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದಾಗ ಅರಸರಿಗೆ ಸಂಪುಟದಲ್ಲಿ ಸ್ಥಳವು ದೊರೆಯಲಿಲ್ಲ. ಮರುವರ್ಷ ಕಾಂಗ್ರೆಸ್ಸು ಇಬ್ಭಾಗವಾಯಿತು. ರಾಜ್ಯದ ಮುಖಂಡರೆಲ್ಲರೂ ಬಹುಮಟ್ಟಿಗೆ ನಿಜಲಿಂಗಪ್ಪನವರ ಕಡೆಗೆ ನಿಂತರೆ, ಇಂದಿರಾ ಗಾಂಧಿಯವರ ಪಕ್ಷವನ್ನು ರಾಜ್ಯದಲ್ಲಿ ಕಟ್ಟುವ ಹೊಣೆಯು ಅರಸರ ಮೇಲೆ ಬಿದ್ದಿತು. 1971ರ ಲೋಕಸಭಾ ಚುನಾವಣೆಯಲ್ಲಿ ಆ ಪಕ್ಷವು ರಾಜ್ಯದ 27 ಸ್ಥಾನಗಳನ್ನೂ, 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನಗಳನ್ನೂ ಗೆದ್ದಿತು. 1972ರ ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಗಳಾದರು.

ಈ ವಿಧಾನಸಭಾ ಚುನಾವಣೆಯಲ್ಲಿ ಅವರು ಅಭ್ಯರ್ಥಿಗಳನ್ನು ಆರಿಸಿದ ರೀತಿಯನ್ನು ನೋಡಿದರೆ, ಬಹುಕಾಲದ ಶಾಸಕರೊಬ್ಬರು ಸದನದ ಮುಖಗಳನ್ನು ಎಷ್ಟು ಗಮನವಿಟ್ಟು ನೋಡುತ್ತ ಬಂದಿದ್ದರೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿಯವರೆಗಿನ ಮುಖ್ಯಮಂತ್ರಿಗಳೆಲ್ಲ ಎರಡು ಪ್ರಬಲ ಸಮುದಾಯಗಳಿಗೆ ಸೇರಿದವರು. ಸದನದ ಬಹುಪಾಲು ಆಸನಗಳೂ ಅವರಲ್ಲಿಯೇ ಹಂಚಿಹೋಗಿದ್ದುವು. ಈಗ ಗುರುಮಿಠಕಲ್ಲಿನಿಂದ ಮಲ್ಲಿಕಾರ್ಜುನ ಖರ್ಗೆ, ಜೇವರ್ಗಿಯಿಂದ ಧರ್ಮಸಿಂಗ್, ಕಾರ್ಕಳದಿಂದ ವೀರಪ್ಪ ಮೊಯಿಲಿ, ಸೋಮವಾರಪೇಟೆಯಿಂದ ಗುಂಡೂರಾವ್ ಮೊದಲಾದ ಹೊಸಬರು ಮೊತ್ತಮೊದಲ ಸಲ ಸದನವನ್ನು ಪ್ರವೇಶಿಸಿದರು. ಇವರಲ್ಲಿ ಮೂವರು ಮುಂದೆ ಮುಖ್ಯಮಂತ್ರಿಗಳಾದರು. ಖರ್ಗೆಯವರು ಎಂಟು ಸಲ ಒಂದೇ ಗುರುಮಿಠಕಲ್ಲಿನಿಂದ ಆಯ್ಕೆಯಾಗಿ, ಸದನದ ದೀರ್ಘಕಾಲದ ಸದಸ್ಯರ ಸಾಲಿಗೆ ಸೇರಿದರು.

ಈಗ 1974ರ ತಿದ್ದುಪಡಿಗೆ ಬರೋಣ. ಅದು ಜಾರಿಗೆ ಬಂದದ್ದು ಆ ವರ್ಷದ ಮಾರ್ಚ್ 1ರಂದು. ಆ ಒಂದು ದಿನಾಂಕದಲ್ಲಿಯೇ ಅದರ ಸಾರವೆಲ್ಲ ಅಡಗಿದೆ. ಗೇಣಿಗೆ ಕೊಟ್ಟ ಭೂಮಿಯೆಲ್ಲವೂ ಆ ದಿನದಿಂದ ಸರ್ಕಾರದ ಸ್ವಾಧೀನಕ್ಕೆ ಸೇರಿತು; ಸೈನಿಕರು ಮತ್ತು ನಾವಿಕರ ಭೂಮಿಯಂತಹ ಕೆಲವು ಅಪವಾದಗಳನ್ನು ಬಿಟ್ಟರೆ, ಸ್ವಂತ ಬೇಸಾಯದ ಹೆಸರಿನಲ್ಲಿ ಹಿಂದಕ್ಕೆ ಪಡೆಯುವ ಬಾಗಿಲು ಮುಚ್ಚಿಹೋಯಿತು. ಗೇಣಿದಾರನು ಮಾಡಬೇಕಾದದ್ದು ಏಳನೆಯ ನಮೂನೆಯ ಅರ್ಜಿಯೊಂದನ್ನು ತುಂಬಿ ಕೊಡುವುದು. ಹಳ್ಳಿಗಳಲ್ಲಿ ಇಂದಿಗೂ ಹಳಬರು ‘ಫಾರಂ ನಂಬರ್ ಏಳು’ ಎಂದರೆ ಸಾಕು, ಕೇಳುವವನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಅರ್ಜಿಯನ್ನು ವಿಚಾರಿಸಲು ತಾಲ್ಲೂಕು ತಾಲ್ಲೂಕಿನಲ್ಲಿಯೂ ಭೂನ್ಯಾಯಮಂಡಳಿ ಸ್ಥಾಪಿತವಾಯಿತು: ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿರಲೇಬೇಕು. ಅನೇಕ ಕಡೆಗಳಲ್ಲಿ ಆ ಸೀಮೆಯ ಶಾಸಕರೇ ಮಂಡಳಿಯ ಸದಸ್ಯರಾದರು. ವಕೀಲರಿಗೆ ಪ್ರವೇಶವಿರಲಿಲ್ಲ. ಮಂಡಳಿಯು ಬೇಕಾದರೆ ಗದ್ದೆಯ ಬದುವಿಗೇ ಹೋಗಿ, ಪಕ್ಕದ ಹಿಡುವಳಿಯವರನ್ನು ಕರೆದು, ಇಲ್ಲಿ ಉತ್ತವರು ಯಾರು, ಕಳೆ ಕಿತ್ತವರು ಯಾರು ಎಂದು ವಿಚಾರಿಸಬಹುದಾಗಿತ್ತು. ಅದರ ತೀರ್ಪಿನ ಮೇಲೆ ಆಗ ಅಪೀಲು ಇರಲಿಲ್ಲ. ಹೈಕೋರ್ಟಿಗೆ ರಿಟ್ ಅರ್ಜಿಯ ಮಾರ್ಗವೊಂದೇ ಉಳಿದಿತ್ತು.

1961ರ ಶಾಸನದ ಒಂದೊಂದು ಸೋಲಿಗೂ 1974ರ ಶಾಸನದಲ್ಲಿ ಒಂದೊಂದು ಉತ್ತರವಿದೆಯೆಂಬುದನ್ನು ಇವೆರಡನ್ನೂ ಮಗ್ಗುಲಲ್ಲಿಟ್ಟು ಓದಿದವರು ಕಾಣದಿರಲಾರರು. ದಾಖಲೆಯು ಸುಳ್ಳು ಹೇಳಿದ್ದರೆ ನೆರೆಯವನ ಮಾತು. ವಕೀಲನ ಚಾತುರ್ಯಕ್ಕೆ ಎದುರಾಗಿ ವಕೀಲರೇ ಇಲ್ಲದ ವಿಚಾರಣೆ. ದೂರದ ಕೋರ್ಟಿಗೆ ಬದಲಾಗಿ ತಾಲ್ಲೂಕಿನ ಕಚೇರಿ. ಗಡುವಿನೊಳಗೆ ಬರಲು ಅಂಜಿದವನಿಗಾಗಿ ಗಡುವಿನ ವಿಸ್ತರಣೆ, ಅದೂ ಮತ್ತೆ ಮತ್ತೆ, ಕೊನೆಗೆ 1979ರ ಜೂನ್ 30ರವರೆಗೆ. ಕಡೆಯ ಈ ಅಂಶವನ್ನು ಆಡಳಿತದ ಸಡಿಲತೆಯೆಂದು ದೂರಿದವರುಂಟು. ಧಣಿಯ ಅಂಗಳದಲ್ಲಿ ಕುಳಿತುಕೊಳ್ಳಲೂ ಹಿಂಜರಿಯುತ್ತಿದ್ದ ಮನುಷ್ಯನು ಅದೇ ಧಣಿಯ ಮೇಲೆ ಅರ್ಜಿ ಕೊಡುವ ಧೈರ್ಯವನ್ನು ತಂದುಕೊಳ್ಳಲು ಒಂದೆರಡು ವರ್ಷ ಬೇಕಾದರೆ, ಆ ಕಾಲವನ್ನು ಕೊಟ್ಟದ್ದು ಸರಿಯಾಯಿತೆಂದೇ ನಾನು ಎನ್ನುತ್ತೇನೆ. ಬಂದ ಅರ್ಜಿಗಳು ಎಂಟು ಲಕ್ಷದ ಆಸುಪಾಸು. ಗೇಣಿದಾರರ ಪರವಾಗಿ ತೀರ್ಮಾನವಾದುವು ನಾಲ್ಕೂವರೆ ಲಕ್ಷಕ್ಕೂ ಮೇಲ್ಪಟ್ಟು. ಸುರತ್ಕಲ್ಲಿನ ಬಿ. ಸುಬ್ಬಯ್ಯ ಶೆಟ್ಟರು ಅರಸರ ಸಂಪುಟದಲ್ಲಿ ಭೂಸುಧಾರಣೆಯ ಖಾತೆಯನ್ನು ವಹಿಸಿ ಇದಕ್ಕಾಗಿ ದುಡಿದರು. ಗೇಣಿಪದ್ಧತಿಯು ಗಾಢವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಒಂದು ದಶಕದೊಳಗೆ ಸಮಾಜದ ರೂಪವೇ ಮಾರ್ಪಟ್ಟಿತು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಹಳೆಯ ಮೈಸೂರಿನ ಬಯಲಿನಲ್ಲಿ ಸಣ್ಣ ಹಿಡುವಳಿಯ ಸ್ವಂತ ರೈತರೇ ಹೆಚ್ಚು. ಕರಾವಳಿಯಲ್ಲಿದ್ದಂತಹ ಗೇಣಿಯ ಜಾಲವು ಅಲ್ಲಿರಲಿಲ್ಲ. ಆದಕಾರಣ ಈ ಶಾಸನದಿಂದ ಹುಣಸೂರಿಗೆ ದೊರೆತ ಫಲವು ಬಂಟ್ವಾಳಕ್ಕೋ ಸಾಗರಕ್ಕೋ ದೊರೆತದ್ದರ ಮುಂದೆ ಅಲ್ಪವೇ. ತನ್ನ ಕ್ಷೇತ್ರಕ್ಕೆ ಸೇತುವೆಯನ್ನೋ ಕಚೇರಿಯನ್ನೋ ಕೊಂಡೊಯ್ಯುವುದೇ ಶಾಸಕನ ಪುರುಷಾರ್ಥವೆಂದು ಎಣಿಸುವ ದೃಷ್ಟಿಯಿಂದ ಇದನ್ನು ಅಳೆಯಲಾಗದು. ಮೂರು ದಶಕಗಳ ಕಾಲ ಹುಣಸೂರಿನ ಹೆಸರಿನಲ್ಲಿ ಸದನದಲ್ಲಿ ಕುಳಿತವರು, ತಮಗೆ ಮತ ಕೊಡದ, ತಮ್ಮ ಜಾತಿಗೆ ಸೇರದ, ಅರಬ್ಬೀ ಸಮುದ್ರದ ತೀರದ ಒಕ್ಕಲುಗಳಿಗಾಗಿ ತಮ್ಮ ಅಧಿಕಾರದ ಬಹುಭಾಗವನ್ನು ಪಣವಾಗಿಟ್ಟರು.

ಶಾಸನದ ನೋವುಗಳನ್ನು ಮುಚ್ಚಿಡುವುದು ಅರಸರಿಗೆ ಗೌರವ ತರುವ ಕೆಲಸವಲ್ಲ. ಒಂದೆರಡು ಎಕರೆಯ ಗೇಣಿಯನ್ನೇ ನಂಬಿ ಬದುಕುತ್ತಿದ್ದ ವಿಧವೆಯರೂ, ಹಳ್ಳಿಯ ಬಡ ಅರ್ಚಕರೂ ಸಾವಿರ ಮುಡಿ ಗೇಣಿಯ ಧಣಿಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟರು; ದೇವಾಲಯಗಳಿಗೆ ಭೂಮಿಗೆ ಬದಲಾಗಿ ಗೊತ್ತುಪಡಿಸಿದ ವರ್ಷಾಶನವು ಬೆಲೆಗಳು ಏರಿದಂತೆ ದೀಪದ ಎಣ್ಣೆಗೂ ಸಾಲದಾಯಿತು. ಇನ್ನೊಂದು ಕಡೆ, ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದ ಜನಕ್ಕೆ ನೆಲವು ಸಿಗಲಿಲ್ಲ. ಮಿತಿಯನ್ನು ಮೀರಿದ ಹಿಡುವಳಿಗಳಿಂದ ಹಂಚಲು ದೊರೆತ ಭೂಮಿಯು ಬಹಳ ಕಡಿಮೆ. ಜೀತದ ವಿಮೋಚನೆ, 1976ರ ಋಣಪರಿಹಾರ ಶಾಸನ, ನಿವೇಶನಗಳ ಹಂಚಿಕೆ ಇವುಗಳಿಂದ ಆ ಜನಕ್ಕೆ ಸ್ವಲ್ಪಮಟ್ಟಿನ ಆಸರೆ ದೊರೆಯಿತು. ಮಂಡಳಿಗಳ ಕಾರ್ಯವು ವೇಗವಾಗಿ ಸಾಗಿದ ವರ್ಷಗಳು ತುರ್ತುಪರಿಸ್ಥಿತಿಯ ವರ್ಷಗಳೂ ಆಗಿದ್ದುವೆಂಬುದನ್ನು ಮರೆಯಲಾಗದು. ಆ ಕಾಲದಲ್ಲಿ ಸೆರೆಮನೆಯಲ್ಲಿದ್ದವರಲ್ಲಿ ಭೂಸುಧಾರಣೆಗಾಗಿ ಹೋರಾಡಿದ ಸಮಾಜವಾದಿಗಳೂ ಇದ್ದರು.

ಭೂಸುಧಾರಣೆಯ ಹೊರಗೂ ಅರಸರ ಆಡಳಿತದ ಕೆಲಸಗಳುಂಟು. 1972ರಲ್ಲಿ ನೇಮಕವಾದ ಎಲ್. ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗವು 1975ರ ನವೆಂಬರಿನಲ್ಲಿ ವರದಿಯನ್ನು ಒಪ್ಪಿಸಿತು. 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿಯ ಆಜ್ಞೆಯು ಹೊರಟಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದೂ ಅರಸರ ಆಡಳಿತದಲ್ಲಿಯೇ. ಇವೊಂದೊಂದೂ ಪ್ರತ್ಯೇಕವಾದ ಪ್ರಬಂಧಕ್ಕೆ ಯೋಗ್ಯವಾದ ವಿಷಯಗಳು.

ಅನಂತರದ ಕಥೆಯು ಶೀಘ್ರವಾಗಿ ಇಳಿಮುಖವಾಗುತ್ತದೆ. ಕೇಂದ್ರದ ಜನತಾ ಸರ್ಕಾರವು ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ ನೇಮಿಸಿದ ಗ್ರೋವರ್ ಆಯೋಗವು ಅವರ ಆಡಳಿತದ ಕೆಲವು ನಿರ್ಣಯಗಳನ್ನು ಆಕ್ಷೇಪಿಸಿತು. 1977ರ ಡಿಸೆಂಬರಿನ ಕೊನೆಗೆ ರಾಷ್ಟ್ರಪತಿಗಳ ಆಡಳಿತವು ಬಂದಿತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ 224ರಲ್ಲಿ 149 ಸ್ಥಾನಗಳನ್ನು ಗೆದ್ದು, ಹುಣಸೂರಿನ ಸದಸ್ಯರಾಗಿಯೇ ಅವರು ಮತ್ತೆ ಮುಖ್ಯಮಂತ್ರಿಗಳಾದರು. ಏಳನೆಯ ನಮೂನೆಯನ್ನು ತುಂಬಿಕೊಟ್ಟ ಜನರು ಈ ಗೆಲುವಿನ ಬೆನ್ನಿಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ 1979ರಲ್ಲಿ ಇಂದಿರಾ ಗಾಂಧಿಯವರೊಡನೆ ವಿರಸವು ಬೆಳೆದು, ಅರಸರು ಪಕ್ಷದಿಂದ ಹೊರಬಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯವು 28ರಲ್ಲಿ 27 ಸ್ಥಾನಗಳನ್ನು ಇಂದಿರಾ ಕಾಂಗ್ರೆಸ್ಸಿಗೆ ಕೊಟ್ಟಿತು. ಅವರಿಂದಲೇ ಸದನಕ್ಕೆ ಬಂದ ಎಷ್ಟೋ ಶಾಸಕರು ಕೆಲವೇ ದಿನಗಳಲ್ಲಿ ಅವರನ್ನು ಬಿಟ್ಟು ಆಚೆಯ ಕಡೆಗೆ ನಡೆದರು. 1972ರಲ್ಲಿ ಅವರೇ ಕರೆತಂದಿದ್ದ ಗುಂಡೂರಾಯರು ಮುಖ್ಯಮಂತ್ರಿಗಳಾದರು. 1982ರ ಜೂನ್ 6ರಂದು ಅರಸರು ನಿಧನರಾದರು. ಮರುವರ್ಷ ಹುಣಸೂರು ಅವರ ಮಗಳು ಚಂದ್ರಪ್ರಭಾ ಅರಸು ಅವರನ್ನು ವಿಧಾನಸಭೆಗೆ ಕಳುಹಿಸಿತು.

ಅವರು ತೀರಿಕೊಂಡಾಗ ನ್ಯಾಯಮಂಡಳಿಗಳ ಮುಂದೆ ಇನ್ನೂ ಅರ್ಜಿಗಳು ಉಳಿದಿದ್ದುವು. 1986ರಲ್ಲಿ ಮೇಲ್ಮನವಿಯ ಪ್ರಾಧಿಕಾರಗಳು ಜಿಲ್ಲೆಗಳಲ್ಲಿ ಸ್ಥಾಪಿತವಾಗಿ, ಕೆಲವೇ ವರ್ಷಗಳಲ್ಲಿ ರದ್ದಾದುವು. ಗೇಣಿದಾರನಿಗೆ ದೊರೆತ ಒಡೆತನಕ್ಕೆ ಅನಂತರ ಯಾವ ಸರ್ಕಾರವೂ ಕೈಹಚ್ಚಲಿಲ್ಲ. ಆದರೆ ಆ ಶಾಸನಕ್ಕೆ ಇನ್ನೊಂದು ಮುಖವಿತ್ತು. ಬೇಸಾಯಗಾರನಲ್ಲದವನು ಕೃಷಿಭೂಮಿಯನ್ನು ಕೊಳ್ಳಬಾರದು, ಬೇರೆ ಮೂಲದಿಂದ ಹೆಚ್ಚಿನ ವರಮಾನವುಳ್ಳವನಿಗೂ ಅದನ್ನು ಸಂಪಾದಿಸಲು ಅವಕಾಶವಿರಬಾರದು ಎಂಬ 79ಎ ಮತ್ತು 79ಬಿ ಪ್ರಕರಣಗಳನ್ನು ಅದೇ ಸಂದರ್ಭದಲ್ಲಿ ಸೇರಿಸಲಾಗಿತ್ತು. ಉಳುವವನಿಗೆ ಕೊಟ್ಟ ನೆಲವು ಹಣವಂತನ ಕೈಗೆ ಮರಳಿ ಹೋಗದಿರಲೆಂಬುದೇ ಅದರ ಉದ್ದೇಶ. 2020ರಲ್ಲಿ ಈ ಪ್ರಕರಣಗಳನ್ನು ತೆಗೆದುಹಾಕಲಾಯಿತು. ಅಷ್ಟೇ ಅಲ್ಲದೆ, ಅವು 1974ರ ಮಾರ್ಚ್ 1ರಿಂದಲೇ ಇರಲಿಲ್ಲವೆಂದು ಭಾವಿಸತಕ್ಕದ್ದೆಂದು ವಿಧಿಸಲಾಯಿತು. ರೈತ ಸಂಘಟನೆಗಳು ಬೀದಿಗಿಳಿದುವು. ಹಿಡುವಳಿಯು ಒಡೆದು ಚಿಕ್ಕದಾಗಿ, ಸಾಲವು ದೊಡ್ಡದಾಗಿರುವ ಈ ಕಾಲದಲ್ಲಿ ಆ ತಡೆಯು ಹಿಂದಿಗಿಂತಲೂ ಹೆಚ್ಚು ಅವಶ್ಯಕವಾಗಿತ್ತೆಂದು ನಾನು ನಂಬಿದ್ದೇನೆ. ಹುಣಸೂರಿನ ಬಯಲಿನಂತಹ ಸ್ವಂತ ಹಿಡುವಳಿಯ ಸೀಮೆಗೆ 1974ರ ಶಾಸನವು ಕೊಟ್ಟಿದ್ದ ಮುಖ್ಯ ರಕ್ಷಣೆಯೂ ಅದೇ ಆಗಿತ್ತು.